ಘಾಟಿ ತಿರುವಿನಲ್ಲಿ ಗಾಡಿ ಕಾಯುವ ‘ಯಾ’ ಸೆನ್ಸರ್: ಇದು ಹೇಗೆ ಕೆಲಸ ಮಾಡುತ್ತೆ?

ಈ ವಾರ ಜೀವಾಮೃತ, ಬೇವಿನ ಹಿಂಡಿ ಬಿಟ್ಟು ಸ್ವಲ್ಪ ಗಾಡಿ ವಿಷಯ ಮಾತಾಡೋಣ. ಬೆಳೆದಿದ್ದನ್ನು ಮಾರುಕಟ್ಟೆ ಮುಟ್ಟಿಸೋದೂ ಕೃಷಿಯ ಭಾಗವೇ ತಾನೆ?

ಎರಡು ವರ್ಷದ ಹಿಂದೆ ಒಂದು ಸೆಕೆಂಡ್ ಹ್ಯಾಂಡ್ ಕಾರು ತಗೊಂಡೆ. ವೀಲ್ ಅಲೈನ್‌ಮೆಂಟ್ ಮಾಡಿಸಿದ ಮೇಲೆ ಮೀಟರ್ ಬೋರ್ಡಿನಲ್ಲಿ ಒಂದು ಹಳದಿ ದೀಪ ಆರಲೇ ಇಲ್ಲ. ಕಾರಿನ ಹಿಂದೆ ಡೊಂಕು ಗೆರೆ ಇರುವ ಚಿತ್ರ. ಕೇಳಿದ್ದಕ್ಕೆ “ಏನೂ ಆಗಲ್ಲ, ಓಡಿಸಿ ಸಾರ್” ಅಂದ್ರು. ನಾನೂ ಓಡಿಸಿದೆ. ಜೂನ್ ತಿಂಗಳ ಒಂದು ಬೆಳಗ್ಗೆ ಬೀನ್ಸ್ ಕ್ರೇಟ್ ತುಂಬಿಕೊಂಡು ಚಾರ್ಮಾಡಿ ಘಾಟಿ ಇಳೀತಿದ್ದೆ, ಪಕ್ಕದಲ್ಲಿ ತಮ್ಮ. ಒದ್ದೆ ರಸ್ತೆ, ಎಡ ತಿರುವು. ಗಾಬರಿಯಲ್ಲಿ ಬ್ರೇಕ್ ಒತ್ತಿದೆ. ಹಿಂಭಾಗ ಬೀಸಿಕೊಂಡು ಕಾರು ರಸ್ತೆಗೆ ಅಡ್ಡ ನಿಂತಿತು. ಆ ಹೊತ್ತಿಗೆ ಎದುರಿಂದ ಬಸ್ ಬರಲಿಲ್ಲ, ಅದಕ್ಕೇ ಇವತ್ತು ಇದನ್ನು ಬರೀತಿದ್ದೀನಿ.

ಆ ದೀಪ ಹೇಳ್ತಿದ್ದದ್ದು ಇಷ್ಟೇ: ಗಾಡಿಯ ಸ್ಥಿರತೆ ಕಾಯುವ ಇಎಸ್‌ಸಿ ವ್ಯವಸ್ಥೆ ಕೆಲಸ ಮಾಡ್ತಿಲ್ಲ. ಕೆಲವು ಕಂಪನಿಗಳು ಇದನ್ನೇ ಇಎಸ್‌ಪಿ ಅಂತಾರೆ.

‘ಯಾ’ ಅಂದ್ರೆ ಏನು?

ನಿಮ್ಮ ಫೋನನ್ನು ಮೇಜಿನ ಮೇಲೆ ಅಂಗಾತ ಇಟ್ಟು ಬೆರಳಲ್ಲಿ ತಿರುಗಿಸಿ. ಬುಗುರಿ ಹಾಗೆ ತಿರುಗುತ್ತಲ್ಲ, ಅದೇ ‘ಯಾ’. ಕಾರು ಸೆಕೆಂಡಿಗೆ ಎಷ್ಟು ಡಿಗ್ರಿ ಹೀಗೆ ತಿರುಗ್ತಿದೆ ಅಂತ ಅಳೆಯೋದೇ ಯಾ ಸೆನ್ಸರ್. ಸಾಮಾನ್ಯವಾಗಿ ಕಾರಿನ ನಡುಭಾಗದಲ್ಲಿ, ಗೇರ್ ಅಥವಾ ಸೀಟಿನ ಕೆಳಗೆ ಇರುತ್ತೆ.

ಅದರೊಳಗೆ ತುಂಬಾ ಸಣ್ಣ ಸಿಲಿಕಾನ್ ತುಣುಕು ಸದಾ ಹಿಂದೆ ಮುಂದೆ ಕಂಪಿಸ್ತಾ ಇರುತ್ತೆ. ಪಾರ್ಕಿನಲ್ಲಿ ಮಕ್ಕಳು ಕೂತು ತಿರುಗುವ ದುಂಡು ಹಲಗೆ ನೋಡಿದ್ದೀರಲ್ಲ? ಅದು ತಿರುಗುವಾಗ ನಡುವಿಂದ ಅಂಚಿಗೆ ನೇರ ನಡೆಯೋಕೆ ಹೋದರೆ ಯಾರೋ ಪಕ್ಕಕ್ಕೆ ತಳ್ಳಿದಂತಾಗುತ್ತೆ. ಇದಕ್ಕೆ ಕೊರಿಯೊಲಿಸ್ ಬಲ ಅಂತಾರೆ. ಕಾರು ತಿರುಗಿದಾಗ ಆ ಸಿಲಿಕಾನ್ ತುಣುಕೂ ಹೀಗೇ ಪಕ್ಕಕ್ಕೆ ಸರಿಯುತ್ತೆ. ಎಷ್ಟು ಸರಿಯಿತು ಅನ್ನೋದನ್ನು ವಿದ್ಯುತ್ ಸಂಕೇತವಾಗಿ ಓದಿಕೊಳ್ತಾರೆ. ಹೆಚ್ಚಿನ ಸ್ಮಾರ್ಟ್‌ಫೋನ್‌ಗಳಲ್ಲಿರುವ ಗೈರೊಸ್ಕೋಪ್ ಕೂಡ ಇದೇ ತತ್ವದ್ದು.

ಟ್ರ್ಯಾಕ್ಟರ್ ಬ್ರೇಕ್ ನೆನಪಿಸಿಕೊಳ್ಳಿ

ಸ್ಟೀರಿಂಗ್ ಎಷ್ಟು ತಿರುಗಿದೆ, ಚಕ್ರಗಳ ವೇಗ ಎಷ್ಟು ಅನ್ನೋದನ್ನು ನೋಡಿ ಕಂಪ್ಯೂಟರ್ “ಗಾಡಿ ಇಷ್ಟು ತಿರುಗಬೇಕು” ಅಂತ ಲೆಕ್ಕ ಹಾಕುತ್ತೆ. ಯಾ ಸೆನ್ಸರ್ “ನಿಜವಾಗಿ ಇಷ್ಟು ತಿರುಗ್ತಿದೆ” ಅನ್ನುತ್ತೆ. ಇವೆರಡೂ ತಾಳೆಯಾಗದಿದ್ದರೆ ಗಾಡಿ ಜಾರ್ತಿದೆ ಅಂತಲೇ ಅರ್ಥ.

ಆಗೇನು ಮಾಡುತ್ತೆ? ಹೊಲದಲ್ಲಿ ಟ್ರ್ಯಾಕ್ಟರ್ ಗಕ್ಕನೆ ತಿರುಗಿಸೋಕೆ ನಾವು ಒಂದೇ ಕಡೆಯ ಬ್ರೇಕ್ ಒತ್ತುತ್ತೀವಲ್ಲ, ಅದೇ ಉಪಾಯ. ಹಿಂಭಾಗ ಬೀಸಿದರೆ ತಿರುವಿನ ಹೊರಬದಿಯ ಮುಂದಿನ ಚಕ್ರಕ್ಕೆ ಮಾತ್ರ ಬ್ರೇಕ್ ಹಾಕುತ್ತೆ. ನನ್ನ ಕಥೆಯಲ್ಲಿ ಅದು ಬಲಗಡೆಯ ಮುಂದಿನ ಚಕ್ರ. ಗಾಡಿ ತಿರುಗದೆ ನೇರ ಜಾರಿದರೆ ಒಳಬದಿಯ ಹಿಂದಿನ ಚಕ್ರಕ್ಕೆ ಹಾಕುತ್ತೆ. ಬೇಕಾದರೆ ಎಂಜಿನ್ ಬಲವನ್ನೂ ಇಳಿಸುತ್ತೆ. ಎಲ್ಲವೂ ಕಣ್ಣು ಮಿಟುಕಿಸುವಷ್ಟರಲ್ಲಿ.

1995ರಲ್ಲಿ ಬಾಷ್ ಕಂಪನಿಯ ಈ ವ್ಯವಸ್ಥೆ ಮರ್ಸಿಡಿಸ್‌ನ ದುಬಾರಿ ಎಸ್ ಕ್ಲಾಸ್‌ಗೆ ಬಂತು. 1997ರಲ್ಲಿ ಸ್ವೀಡನ್‌ನಲ್ಲಿ ನಡೆದ ಪರೀಕ್ಷೆಯಲ್ಲಿ ಅದೇ ಕಂಪನಿಯ ಸಣ್ಣ ಕಾರು ಎ ಕ್ಲಾಸ್ ಮಗುಚಿಬಿತ್ತು. ಆಮೇಲೆ ಆ ಕಾರಿಗೂ ಇದನ್ನು ಹಾಕಿಯೇ ಕೊಡೋಕೆ ಶುರು ಮಾಡಿದರು.

ನೀವು ನೋಡಿಕೊಳ್ಳಬೇಕಾದ್ದು

• ಕೀ ಆನ್ ಮಾಡಿದಾಗ ಹಳದಿ ದೀಪ ಹತ್ತಿ ಕೆಲವು ಸೆಕೆಂಡಿನಲ್ಲಿ ಆರಬೇಕು. ಓಡುವಾಗ ಮಿಟುಕಿದರೆ ವ್ಯವಸ್ಥೆ ಕೆಲಸ ಮಾಡ್ತಿದೆ ಅಂತ, ವೇಗ ಇಳಿಸಿ.
• ಆರದೇ ಉರೀತಿದ್ದರೆ ಮೊದಲು ಆಫ್ ಬಟನ್ ಒತ್ತಿಹೋಗಿದೆಯಾ ನೋಡಿ. ಇಲ್ಲದಿದ್ದರೆ ಸ್ಕ್ಯಾನರ್ ಇರುವ ಗ್ಯಾರೇಜಿಗೆ ಹೋಗಿ. ನನ್ನ ಕಾರಿನಲ್ಲಿ ಸ್ಟೀರಿಂಗ್ ಸೆನ್ಸರ್ ಸೊನ್ನೆಗೆ ಹೊಂದಿಸಿರಲಿಲ್ಲ ಅಷ್ಟೇ. ಅರ್ಧ ಗಂಟೆ ಕೆಲಸ.
• ನಾಲ್ಕೂ ಟೈರ್ ಒಂದೇ ಅಳತೆಯವು ಇರಲಿ. ಅಳತೆ ಬೇರೆಯಾದರೆ ಚಕ್ರದ ವೇಗದ ಲೆಕ್ಕ ತಪ್ಪುತ್ತೆ.
• ಸೀಟ್ ಕೆಳಗೆ ನೀರು ನಿಲ್ಲೋಕೆ ಬಿಡಬೇಡಿ.

ಒಂದು ಮಾತು. ಸವೆದ ಟೈರಿಗೆ ಹಿಡಿತ ತಂದುಕೊಡೋಕೆ ಯಾವ ಸೆನ್ಸರ್‌ಗೂ ಆಗಲ್ಲ. ಮಿತಿ ಮೀರಿ ಲೋಡ್ ಹಾಕಿದರೂ ಅದು ಕಾಪಾಡಲ್ಲ. ನಮ್ಮ ಟ್ರ್ಯಾಕ್ಟರ್ ಟ್ರೇಲರ್‌ಗಳಲ್ಲಂತೂ ಇದು ಇರೋದೇ ಇಲ್ಲ, ಅಲ್ಲಿ ನಿಮ್ಮ ನಿಧಾನವೇ ಸೆನ್ಸರ್. ರಸ್ತೆಗೆ ಇಳಿಯೋ ಮುಂಚೆ ಎರಡೂ ಬ್ರೇಕ್ ಪೆಡಲ್ ಸೇರಿಸಿ ಲಾಕ್ ಹಾಕೋದು ಮರೀಬೇಡಿ.

ನಾಳೆ ಬೆಳಗ್ಗೆ ಕೀ ತಿರುಗಿಸಿದಾಗ ಆ ದೀಪ ಒಮ್ಮೆ ನೋಡಿ.