ಸಾಯಿಸದ ವಿಷ, ಗೂಡು ಸೇರದ ಜೇನು

ಬೆನ್ನಡಿಯಾಗಿ ಬಿದ್ದ ಜೇನುಹುಳು ಕಾಲು ಝಾಡಿಸಿ, ಮೈ ತಿರುಚಿ, ಕ್ಷಣಾರ್ಧದಲ್ಲಿ ಮಗುಚಿಕೊಂಡು ಎದ್ದು ನಿಲ್ಲುತ್ತದೆ. ಆದರೆ ನಿಯೋನಿಕೋಟಿನಾಯ್ಡ್ ಗುಂಪಿನ ಕೀಟನಾಶಕವನ್ನು ಅತ್ಯಲ್ಪ ಬೆರೆಸಿದ ಸಕ್ಕರೆ ಪಾಕವನ್ನು ಒಂದು ದಿನ ಕುಡಿದ ಹುಳುಗಳ ಕಥೆ ಬೇರೆ. 2014ರಲ್ಲಿ ಬ್ರಿಟನ್ನಿನ ಸಂಶೋಧಕರು ಇಂಥ ಹುಳುಗಳನ್ನು ಗಮನಿಸಿದರು. ಬರೀ ಪಾಕ ಕುಡಿದವುಗಳಿಗಿಂತ ಇವು ಹೆಚ್ಚು ಸಲ ಆಯ ತಪ್ಪಿ ಬಿದ್ದು, ಏಳಲಾರದೆ ಒದ್ದಾಡಿದವು. ಜೀವವಿತ್ತು, ಮೈ ಹಿಡಿತಕ್ಕೆ ಸಿಗುತ್ತಿರಲಿಲ್ಲ.

ಕೀಟದ ಮಿದುಳಿನಲ್ಲಿ ನರದಿಂದ ನರಕ್ಕೆ ಸುದ್ದಿ ಒಯ್ಯುವ ಮುಖ್ಯ ರಾಸಾಯನಿಕ ಅಸಿಟೈಲ್‌ಕೋಲಿನ್. ಅದು ಮುಂದಿನ ನರದ ಗ್ರಾಹಕಕ್ಕೆ ಅಂಟಿ ಸುದ್ದಿ ಮುಟ್ಟಿಸಿದೊಡನೆ ಒಂದು ಕಿಣ್ವ ಅದನ್ನು ಒಡೆದುಹಾಕುತ್ತದೆ. ಇಮಿಡಾಕ್ಲೋಪ್ರಿಡ್, ಥಯಾಮೆಥೋಕ್ಸಾಮ್‌ನಂಥ ನಿಯೋನಿಕೋಟಿನಾಯ್ಡ್‌ಗಳು ಅದೇ ಗ್ರಾಹಕಕ್ಕೆ ಅಂಟುತ್ತವೆ. ಆದರೆ ಆ ಕಿಣ್ವಕ್ಕೆ ಇವನ್ನು ಒಡೆಯಲಾಗದು. ಒತ್ತಿದ ಕರೆಗಂಟೆಯ ಗುಂಡಿ ಒಳಗೇ ಸಿಕ್ಕಿಕೊಂಡಂತೆ ನರ ಮಿಡಿಯುತ್ತಲೇ ಇದ್ದು, ಕೊನೆಗೆ ಸ್ಪಂದಿಸುವುದನ್ನೇ ಬಿಡುತ್ತದೆ. ಕಲಿಕೆ, ನೆನಪುಗಳಿಗೆ ಆಧಾರವಾದ ಮಿದುಳಿನ ಭಾಗಗಳಲ್ಲೂ ಈ ಗ್ರಾಹಕಗಳಿವೆ. ಹಾಗಾಗಿ ಕಾಲಿನ ಜೊತೆಗೆ ದಾರಿಯೂ ತಪ್ಪುತ್ತದೆ.

2012ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು 653 ಜೇನುಹುಳುಗಳ ಬೆನ್ನಿಗೆ ಪುಟ್ಟ ರೇಡಿಯೊ ಬಿಲ್ಲೆ ಅಂಟಿಸಿದರು. ಅವುಗಳಲ್ಲಿ ಕೆಲವಕ್ಕೆ ಥಯಾಮೆಥೋಕ್ಸಾಮ್ ಕುಡಿಸಿ, ಎಲ್ಲವನ್ನೂ ದೂರ ಒಯ್ದು ಬಿಟ್ಟರು. ಪ್ರಮಾಣ ತಲಾ 1.34 ನ್ಯಾನೊಗ್ರಾಂ, ಅಂದರೆ ಗ್ರಾಮಿನ ನೂರು ಕೋಟಿ ಭಾಗಗಳಲ್ಲಿ ಒಂದಕ್ಕಿಂತ ತುಸು ಹೆಚ್ಚು. ಗೂಡಿನ ಬಾಗಿಲಲ್ಲಿದ್ದ ಯಂತ್ರ ಮರಳಿದ ಹುಳುಗಳ ಲೆಕ್ಕವಿಟ್ಟಿತು. ವಿಷ ಕುಡಿದವುಗಳಲ್ಲಿ ಹೆಚ್ಚು ಹುಳುಗಳು ಮನೆ ಸೇರಲಿಲ್ಲ. ಗುರುತಿಲ್ಲದ ಜಾಗದಲ್ಲಿ ಬಿಟ್ಟಾಗ ನಷ್ಟ ಇನ್ನೂ ಜಾಸ್ತಿ. ಆ ಪ್ರಮಾಣ ಹುಳುವನ್ನು ನೇರವಾಗಿ ಕೊಲ್ಲುವಷ್ಟಿರಲಿಲ್ಲ. ಆದರೆ ಗೂಡಿಗೆ ಮರಳದ ಜೇನು ಸತ್ತಂತೆಯೇ. ‘ಎಷ್ಟು ಕೊಟ್ಟರೆ ಸಾಯುತ್ತದೆ’ ಎಂಬ ಅಳತೆಗೋಲಿಗೆ ಸಿಗದ ಸಾವು ಇದು.

ಹುಳು ತಾನೇ ಈ ವಿಷವನ್ನು ತೊರೆಯಬಾರದೇ? 2015ರ ಪ್ರಯೋಗವೊಂದರಲ್ಲಿ ಜೇನುಹುಳುಗಳಿಗೆ ಇದರ ರುಚಿಯೇ ತಿಳಿಯಲಿಲ್ಲ. ತೊರೆಯುವ ಬದಲು ಇಮಿಡಾಕ್ಲೋಪ್ರಿಡ್ ಅಥವಾ ಥಯಾಮೆಥೋಕ್ಸಾಮ್ ಬೆರೆತ ಪಾಕವನ್ನೇ ಅವು ಹೆಚ್ಚು ಕುಡಿದವು.

ಬಿಸಿಲಿಳಿದು ಜೇನು ಗೂಡು ಸೇರಿದ ಮೇಲೆ ಔಷಧ ಹೊಡೆಯಿರಿ ಎಂದು ರೈತರಿಗೆ ಹೇಳುವುದುಂಟು. ಸಿಂಪಡಣೆಯ ಮಟ್ಟಿಗೆ ಅದು ಒಳ್ಳೆಯ ಸಲಹೆ. ಆದರೆ ನಿಯೋನಿಕೋಟಿನಾಯ್ಡ್‌ಗಳು ಅಂತರವ್ಯಾಪಿ ಔಷಧಗಳು. ಬೀಜಕ್ಕೆ ಲೇಪಿಸಿದ್ದು ಗಿಡದೊಂದಿಗೇ ಏರಿ ಪರಾಗಕ್ಕೂ ಮಕರಂದಕ್ಕೂ ಇಳಿಯುತ್ತದೆ. ಅದಕ್ಕೆ ಸಂಜೆ, ಬೆಳಗು ಎಂಬ ಭೇದವಿಲ್ಲ. ಯುರೋಪಿಯನ್ ಒಕ್ಕೂಟ 2018ರಲ್ಲಿ ಇಂಥ ಮೂರು ಔಷಧಗಳನ್ನು ಬಯಲು ಬೆಳೆಗೆ ನಿಷೇಧಿಸಿ, ಕಾಯಂ ಹಸಿರುಮನೆಯೊಳಗೆ ಮಾತ್ರ ಉಳಿಸಿತು. ನಮ್ಮಲ್ಲಿ ಹತ್ತಿ ಬೀಜ ಎಷ್ಟೋ ಸಲ ಇಮಿಡಾಕ್ಲೋಪ್ರಿಡ್ ಲೇಪಿಸಿಕೊಂಡೇ ಪೊಟ್ಟಣದಲ್ಲಿ ಬರುತ್ತದೆ. ಜಿಗಿಹುಳುವಿನ ಕಾಟ ಇದೆಯೋ ಇಲ್ಲವೋ ನೋಡಿ ತೀರ್ಮಾನಿಸುವ ಅವಕಾಶ ರೈತನಿಗೇ ಇರುವುದಿಲ್ಲ. ಲೇಪನವಿಲ್ಲದ ಬೀಜವೂ ಅಂಗಡಿಯಲ್ಲಿ ಸಿಗುವಂತಾದರೆ ಆಯ್ಕೆ ಅವನ ಕೈಗೆ ಬರುತ್ತದೆ.