ಕೈಕೆತ್ತನೆಯ ಮರದ ಸೌಟಿಗೆ ಬೆಲೆ ಕಟ್ಟುವ ಬಗೆ

ನಾನ್‌ಸ್ಟಿಕ್ ಪಾತ್ರೆಗಳ ಲೇಪವನ್ನು ಗೀರದ ಕಾರಣ ಮರದ ಸೌಟುಗಳು ಮತ್ತೆ ಅಡುಗೆಮನೆ ಸೇರಿವೆ. ಆದರೆ ಕೈಯಿಂದ ಕೆತ್ತಿದ ಸೌಟಿಗೂ ಅನೇಕ ವರ್ತಕರು ಮರದ ತುಂಡನ್ನು ನೋಡಿಯೇ ಬೆಲೆ ಕಟ್ಟುತ್ತಾರೆ. ಇದರ ಅಸಲು ವೆಚ್ಚವಿರುವುದು ಮರದಲ್ಲಲ್ಲ, ಕುಶಲಕರ್ಮಿಯ ವೇಳೆಯಲ್ಲಿ.

ಬಾಚಿಯಿಂದ ಹೊರ ಆಕಾರ ತೆಗೆದ ಮೇಲೆ ದುಂಡು ಬಾಯಿಯ ಉಳಿಯಿಂದ ಗುಳಿಯನ್ನು ತೋಡಬೇಕು. ಮರದ ಎಳೆಗೆ ಅಡ್ಡಲಾಗಿ ತೋಡದಿದ್ದರೆ ಸೀಳು ಬೀಳುವ ಭಯವುಂಟು. ಆಗಾಗ ಉಳಿಯನ್ನು ಸಾಣೆ ಹಿಡಿಯುವ ವೇಳೆಯೂ ಕೂಲಿಯೇ. ಹಸಿಮರ ಕೆತ್ತಲು ಸುಲಭ. ಆದರೆ ಅವಸರದಲ್ಲಿ ಒಣಗಿಸಿದರೆ ಬಿರುಕು ಬಿಡುತ್ತದೆ. ನಿಧಾನವಾಗಿ ಒಣಗುವಷ್ಟು ಕಾಲ ಬಂಡವಾಳ ಸಿಕ್ಕಿಬೀಳುತ್ತದೆ.

ಉದಾಹರಣೆಗೆ, ಮರ ಮತ್ತು ಕೂಲಿ ಸೇರಿ ಸೌಟೊಂದಕ್ಕೆ ರೂ. 120 ತಗಲುವುದೆಂದುಕೊಳ್ಳೋಣ. ಹತ್ತರಲ್ಲಿ ಎರಡು ಬಿರುಕು ಬಿಟ್ಟರೆ ಒಟ್ಟು ರೂ. 1,200ನ್ನು ಎಂಟು ಸೌಟುಗಳೇ ಹೊರಬೇಕು. ಆಗ ಅಸಲು ರೂ. 150. ಇದನ್ನು ಮರೆತು ರೂ. 140ಕ್ಕೆ ಮಾರಿದವನು ಲಾಭವೆಂದು ಭಾವಿಸಿ ಪ್ರತಿ ಸೌಟಿಗೂ ರೂ. 10 ಕಳೆದುಕೊಳ್ಳುತ್ತಾನೆ.

ಕೊಳ್ಳುವ ವರ್ತಕರೂ ಒಂದು ವಿಷಯ ಗಮನಿಸಬೇಕು. ಉದ್ಯಮ್ ನೋಂದಣಿಯುಳ್ಳ ಕಿರು ತಯಾರಕರಿಗೆ, 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯಿದೆಯ 15ನೆಯ ಕಲಮಿನಂತೆ, ಲಿಖಿತ ಒಪ್ಪಂದವಿದ್ದರೂ ಸರಕು ಸ್ವೀಕರಿಸಿದ 45 ದಿನಗಳೊಳಗೆ ಹಣ ಪಾವತಿಸತಕ್ಕದ್ದು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕಾಗುತ್ತದೆ.

ಆದ್ದರಿಂದ ತಯಾರಕರು ಕೆತ್ತಿದ, ಕೆಟ್ಟ, ಮಾರಿದ ಸೌಟುಗಳ ಲೆಕ್ಕವನ್ನು ದಿನವೂ ಬರೆದಿಡುವುದು ಕ್ಷೇಮ. ಚೌಕಾಸಿಯ ವೇಳೆ ಆ ಪುಸ್ತಕವೇ ಅವರ ಪರವಾಗಿ ಮಾತನಾಡುತ್ತದೆ.