ಮತಗಟ್ಟೆಯ ಬಾಗಿಲಲ್ಲಿ ಹಳ್ಳಿ ಮತ್ತು ಪಟ್ಟಣ

ಪ್ರಜಾಪ್ರಭುತ್ವವೆಂಬ ದೊಡ್ಡ ಮಾತನ್ನು ನಾವು ಸಭೆಗಳಲ್ಲಿಯೂ ಭಾಷಣಗಳಲ್ಲಿಯೂ ಎಷ್ಟೋ ಸಲ ಕೇಳಿರುತ್ತೇವೆ. ಅದನ್ನು ಕಣ್ಣಾರೆ ಕಾಣಬೇಕೆಂಬ ಇಚ್ಛೆಯುಳ್ಳವರು ಮತದಾನದ ದಿನ ಬೆಳಿಗ್ಗೆ ಹಳ್ಳಿಯ ಶಾಲೆಯೊಂದರ ಅಂಗಳದಲ್ಲಿ ನಿಂತು ನೋಡತಕ್ಕದ್ದು. ಗುಬ್ಬಿಯ ಸೀಮೆಯಲ್ಲಿ ಅಡಕೆ ತೆಂಗುಗಳ ತೋಟಗಳ ನಡುವಣ ಊರುಗಳಲ್ಲಾಗಲಿ, ಕುಣಿಗಲ್ ದೊಡ್ಡಕೆರೆಯ ಆಚೀಚಿನ ಗ್ರಾಮಗಳಲ್ಲಾಗಲಿ, ಏಳು ಗಂಟೆಗೆ ಬಾಗಿಲು ತೆರೆಯುವ ಮೊದಲೇ ಸಾಲು ಬೆಳೆದಿರುತ್ತದೆ. ಡೈರಿಗೆ ಹಾಲು ಹಾಕಿ ನೇರವಾಗಿ ಬಂದ ರೈತನಿದ್ದಾನೆ. ಮೊಮ್ಮಗನ ತೋಳು ಹಿಡಿದು ಮೆಟ್ಟಿಲೇರುವ ಮುದುಕಿಯಿದ್ದಾಳೆ. ಹಿಂದಿನ ರಾತ್ರಿ ಬೆಂಗಳೂರಿನಲ್ಲಿ ಬಸ್ಸು ಹತ್ತಿ ಊರಿಗೆ ಬಂದ ಕಾರ್ಖಾನೆಯ ಕೆಲಸಗಾರನಿದ್ದಾನೆ. ಅವರನ್ನು ಯಾರೂ ಬಲವಂತದಿಂದ ತಂದು ನಿಲ್ಲಿಸಿಲ್ಲ. ತಮ್ಮದೊಂದು ಮತವಿದೆ, ಅದನ್ನು ಹಾಕದೆ ಬಿಡಬಾರದು ಎಂಬ ಒಂದೇ ಭಾವನೆ ಅವರನ್ನು ಕರೆತಂದಿರುತ್ತದೆ.

2024ನೆಯ ಇಸವಿ ಏಪ್ರಿಲ್ 26ರಂದು ಲೋಕಸಭೆಯ ಚುನಾವಣೆ ನಡೆದಾಗ ನಮ್ಮ ನಾಡು ಬರಗಾಲದಿಂದಲೂ ಬಿಸಿಲಿನಿಂದಲೂ ಬಳಲಿತ್ತು. ಆದಾಗ್ಯೂ ತುಮಕೂರು ಕ್ಷೇತ್ರದಲ್ಲಿ ನೂರಕ್ಕೆ ಸುಮಾರು 78 ಮಂದಿ ಮತ ಚಲಾಯಿಸಿದರು. ಅದೇ ದಿನ, ಎರಡು ಗಂಟೆಯ ಹಾದಿಯಾಚೆಗೆ, ವಿದ್ಯಾವಂತರ ನೆಲೆಯೆಂದು ಹೆಸರಾದ ಬೆಂಗಳೂರು ದಕ್ಷಿಣ ಕ್ಷೇತ್ರದಲ್ಲಿ ನೂರಕ್ಕೆ 53ರಷ್ಟು ಮಂದಿ ಮಾತ್ರವೇ ಬಂದರು. ತುಮಕೂರು ಕ್ಷೇತ್ರದ ಒಳಗೇ ನೋಡಿದರೂ ಗುಬ್ಬಿ ಮುಂದಿರುವುದು, ತುಮಕೂರು ನಗರ ಹಿಂದುಳಿಯುವುದು ವಾಡಿಕೆಯಾಗಿ ಹೋಗಿದೆ. ಕುಣಿಗಲ್ಲಿನ ಸ್ಥಿತಿ ಇನ್ನೂ ವಿಚಿತ್ರವಾದದ್ದು. ಜಿಲ್ಲೆಯ ಲೆಕ್ಕದಲ್ಲಿ ಅದು ತುಮಕೂರಿಗೆ ಸೇರಿದ್ದು, ಲೋಕಸಭೆಯ ಲೆಕ್ಕದಲ್ಲಿ ಬೆಂಗಳೂರು ಗ್ರಾಮಾಂತರ ಕ್ಷೇತ್ರಕ್ಕೆ ಸೇರಿದ್ದು. ಅದೇ ಕ್ಷೇತ್ರದಲ್ಲಿ ರಾಜರಾಜೇಶ್ವರಿನಗರವೂ ಇದೆ, ಮಾಗಡಿಯೂ ಇದೆ. ಹಳ್ಳಿಗಾಡಿನ ಭಾಗಗಳು ಪಟ್ಟಣದ ಭಾಗಗಳನ್ನು ಬಹುದೂರ ಹಿಂದೆ ಹಾಕಿದವು.

ಇದರ ಕಾರಣವೇನು? ಪಟ್ಟಣಿಗರು ಸೋಮಾರಿಗಳು ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟುಬಿಡುವುದು ಸುಲಭ. ಆದರೆ ಅದು ಪೂರ್ಣ ಸತ್ಯವಲ್ಲವೆಂದು ನಮ್ಮ ಅಭಿಪ್ರಾಯ. ಮತಗಟ್ಟೆಯೊಳಗೆ ನಡೆಯುವ ಮೊದಲ ಕಾರ್ಯವನ್ನು ವಾಚಕರು ಗಮನಿಸಿರಬಹುದು. ಮೊದಲನೆಯ ಅಧಿಕಾರಿ ಪಟ್ಟಿಯನ್ನು ನೋಡಿ ಮತದಾರನ ಹೆಸರನ್ನು ಗಟ್ಟಿಯಾಗಿ ಓದುತ್ತಾನೆ. ಹಳ್ಳಿಯಲ್ಲಿ ಆ ಹೆಸರು ಕಿವಿಗೆ ಬಿದ್ದೊಡನೆ ಅಲ್ಲಿ ಕುಳಿತ ಏಜೆಂಟರು ತಲೆಯೆತ್ತಿ ನೋಡಿ ಗುರುತಿಸುತ್ತಾರೆ. ಅವನು ಯಾರ ಮಗ, ಯಾವ ಕೇರಿಯವನು ಎಂಬುದು ಅವರಿಗೆ ಗೊತ್ತು. ಅವನು ಅಕ್ಷರ ಕಲಿತದ್ದೂ ಬಹುಶಃ ಅದೇ ಕೊಠಡಿಯಲ್ಲಿ. ಅವನು ಬಾರದಿದ್ದರೆ ಸಂಜೆಯೊಳಗೆ ಯಾರಾದರೂ ಕೇಳುತ್ತಾರೆ. ಪಟ್ಟಣದಲ್ಲಿ ಬಾಡಿಗೆಯ ಮನೆ ಎರಡು ವರ್ಷಕ್ಕೊಮ್ಮೆ ಬದಲಾಗುತ್ತದೆ. ಮನುಷ್ಯ ಹೊಸ ಬಡಾವಣೆಗೆ ಹೋದರೂ ಅವನ ಹೆಸರು ಹಳೆಯ ಬೀದಿಯ ಪಟ್ಟಿಯಲ್ಲಿಯೇ ಉಳಿಯುತ್ತದೆ, ಇಲ್ಲವೆ ಅಳಿಸಿಹೋಗುತ್ತದೆ. ಮತದಾನದ ದಿನ ಗುರುತಿನ ಚೀಟಿಯನ್ನು ಕೈಯಲ್ಲಿ ಹಿಡಿದು ಒಂದು ಶಾಲೆಯಿಂದ ಇನ್ನೊಂದು ಶಾಲೆಗೆ ಅಲೆದು, ಪಟ್ಟಿಯಲ್ಲಿ ಹೆಸರಿಲ್ಲವೆಂಬ ಉತ್ತರ ಪಡೆದು ಮನೆಗೆ ಮರಳಿದವನನ್ನು ಉದಾಸೀನನೆಂದು ಕರೆಯುವುದು ನ್ಯಾಯವೇ? ಚೀಟಿ ಇದ್ದ ಮಾತ್ರಕ್ಕೆ ಮತವಿಲ್ಲ, ಪಟ್ಟಿಯಲ್ಲಿ ಹೆಸರಿದ್ದರೆ ಮಾತ್ರ ಮತವುಂಟು ಎಂಬ ನಿಯಮವನ್ನು ಅನೇಕರು ಆ ದಿನವೇ ಮೊದಲು ಅರಿಯುತ್ತಾರೆ.

ಪಟ್ಟಿಯಲ್ಲಿ ಹೆಸರಿರುವುದೆಂದರೆ ಸಾಮಾನ್ಯವಾದ ಸಂಗತಿಯಲ್ಲ. ರಂಗಾಚಾರ್ಲು ಅವರು ದಿವಾನರಾಗಿದ್ದ ಕಾಲದಲ್ಲಿ, 1881ರಲ್ಲಿ, ಮೈಸೂರು ಪ್ರಜಾಪ್ರತಿನಿಧಿ ಸಭೆ ಮೊದಲು ಸೇರಿದಾಗ ಅದರ 144 ಮಂದಿ ಸದಸ್ಯರಲ್ಲಿ ಒಬ್ಬರೂ ಜನರ ಮತದಿಂದ ಬಂದವರಲ್ಲ. 1891ರಲ್ಲಿ ಚುನಾವಣೆ ಬಂದಿತಾದರೂ ಆಸ್ತಿಯೂ ವಿದ್ಯೆಯೂ ಉಳ್ಳವರಿಗೆ ಮಾತ್ರ ಆ ಭಾಗ್ಯ. ಕೂಲಿಯವನೂ ಗೇಣಿದಾರನೂ ಹೊರಗೆ ನಿಂತು ನೋಡುವವರಾಗಿದ್ದರು. 1947ರಲ್ಲಿ ಮೈಸೂರು ಚಲೋ ಚಳವಳಿ ನಡೆದು, ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದು, ಗಣರಾಜ್ಯವು ಸ್ಥಾಪಿತವಾಗಿ, 1951-52ರ ಪ್ರಥಮ ಮಹಾಚುನಾವಣೆಯಲ್ಲಿ 21 ವರ್ಷ ತುಂಬಿದ ಪ್ರತಿಯೊಬ್ಬರಿಗೂ ಮತ ಲಭಿಸಿತು. ಆಗಲೂ ಉತ್ತರದ ಪ್ರಾಂತಗಳಲ್ಲಿ ತಮ್ಮ ಸ್ವಂತ ಹೆಸರನ್ನು ಹೇಳಲೊಪ್ಪದೆ, ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಯಿಸಿದ ಸುಮಾರು 28 ಲಕ್ಷ ಸ್ತ್ರೀಯರು ಪಟ್ಟಿಯಿಂದ ಹೊರಗುಳಿದರು. ಇಂದು ಗುಬ್ಬಿಯ ಸಾಲಿನಲ್ಲಿ ನಿಂತ ಹೆಣ್ಣುಮಗಳೊಬ್ಬಳು ತನ್ನ ಹೆಸರು ಕೂಗಿದಾಗ ತಲೆಯೆತ್ತಿ ಮುಂದೆ ನಡೆಯುವಳಲ್ಲವೇ, ಆ ಒಂದು ಹೆಜ್ಜೆಯ ಹಿಂದೆ ಎರಡು ತಲೆಮಾರುಗಳ ಶ್ರಮವಿದೆ. ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು ನೂರಹತ್ತು ವರ್ಷ ದಾಟಿದ ಮೇಲೆಯೂ 2018ರಲ್ಲಿ ಮತಗಟ್ಟೆಗೆ ಬಂದು ಬೆರಳಿಗೆ ಶಾಯಿ ಹಾಕಿಸಿಕೊಂಡರು. ಮತವಿಲ್ಲದ ಕಾಲವನ್ನು ಕಂಡವರಿಗೆ ಮತದ ಬೆಲೆ ಗೊತ್ತು.

ಆದರೆ ಹಳ್ಳಿಯನ್ನು ಹೊಗಳಿ ಲೇಖನವನ್ನು ಮುಗಿಸಿದರೆ ನಾವು ಅರ್ಧ ಸತ್ಯವನ್ನು ಹೇಳಿದಂತಾದೀತು. ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ ಬಡವನಿಗೆ ಒಂದು ಭಯವೂ ಉಂಟು. ಮತಯಂತ್ರದ ಮುಂದೆ ಅವನು ಒಬ್ಬನೇ ನಿಲ್ಲುತ್ತಾನೆ, ನಿಜ. ಅವನು ಒತ್ತಿದ ಗುಂಡಿ ಯಾವುದೆಂದು ಯಾರೂ ಅರಿಯರು, ಇದೂ ನಿಜ. ಆದರೆ ಎಣಿಕೆ ನಡೆಯುವುದು ಒಂದೊಂದು ಮತಗಟ್ಟೆಯ ಯಂತ್ರವನ್ನು ಬೇರೆ ಬೇರೆಯಾಗಿ ತೆರೆದು. ಇಂಥ ಊರಿನ ಇಂಥ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಬಿತ್ತು ಎಂಬ ಲೆಕ್ಕ ಬಹಿರಂಗವಾಗುತ್ತದೆ. ಒಂದೇ ಕಾಲೋನಿಯವರು, ಒಂದೇ ಕೇರಿಯವರು ಮತ ಹಾಕುವ ಸಣ್ಣ ಮತಗಟ್ಟೆಯಾದರೆ, ಆ ಕೇರಿ ಯಾರ ಕಡೆ ಒಲಿಯಿತೆಂಬುದು ಗೆದ್ದವನಿಗೂ ಗೊತ್ತು, ಸೋತವನಿಗೂ ಗೊತ್ತು. ಆಮೇಲೆ ಬರುವ ರಸ್ತೆ, ಕೊಳವೆಬಾವಿ, ಮನೆಗಳ ಹಂಚಿಕೆಯ ವಿಷಯದಲ್ಲಿ ಆ ತಿಳಿವಳಿಕೆ ಏನು ಕೆಲಸ ಮಾಡಬಲ್ಲುದೆಂಬುದನ್ನು ಹಳ್ಳಿಯ ಬಾಳನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕಾದ್ದಿಲ್ಲ. ಒಬ್ಬನ ಗುಟ್ಟು ಉಳಿಯಿತು, ಊರಿನ ಗುಟ್ಟು ಬಯಲಾಯಿತು!

ಕಾಗದದ ಮತಪತ್ರಗಳಿದ್ದ ಕಾಲದಲ್ಲಿ, ಬೆದರಿಕೆಯ ಶಂಕೆಯಿರುವೆಡೆ ಅನೇಕ ಪೆಟ್ಟಿಗೆಗಳ ಮತಗಳನ್ನು ಬೆರೆಸಿ ಎಣಿಸುವುದಕ್ಕೆ ನಿಯಮವಿತ್ತು. ಯಂತ್ರಗಳು ಬಂದ ಮೇಲೆ ಆ ಬೆರಕೆ ತಪ್ಪಿತು. ಹಲವು ಯಂತ್ರಗಳ ಮತಗಳನ್ನು ಒಟ್ಟುಗೂಡಿಸಿ ಮೊತ್ತವನ್ನು ಮಾತ್ರ ತೋರಿಸುವ ಸಾಧನವೊಂದನ್ನು, ಟೋಟಲೈಸರ್ ಎಂಬುದನ್ನು, ಬಳಸಬೇಕೆಂದು ಚುನಾವಣಾ ಆಯೋಗವೇ 2008ರಲ್ಲಿ ಸೂಚಿಸಿತು. ಕಾನೂನು ಆಯೋಗವು 2015ರ ತನ್ನ 255ನೆಯ ವರದಿಯಲ್ಲಿ ಅದನ್ನು ಅನುಮೋದಿಸಿತು. ಕೇಂದ್ರ ಸರ್ಕಾರ ಮಾತ್ರ ಒಪ್ಪಲಿಲ್ಲ. ಮತಗಟ್ಟೆಯ ಲೆಕ್ಕ ತಿಳಿದರೆ ಹಿಂದುಳಿದ ಊರಿಗೆ ಹೆಚ್ಚು ಗಮನ ಕೊಡಬಹುದೆಂದು ವಾದಿಸುವವರಿದ್ದಾರೆ. ಒಳ್ಳೆಯದು; ಆದರೆ ಊರಿನ ಬಡತನವನ್ನು ಅರಿಯಲು ಅದರ ಬಾವಿಯನ್ನೂ ಶಾಲೆಯನ್ನೂ ನೋಡಿದರೆ ಸಾಕು, ಮತಗಳನ್ನು ಎಣಿಸಿ ನೋಡಬೇಕೆ?

ಹೀಗೆ ಪಟ್ಟಣಕ್ಕೊಂದು ರೋಗ, ಹಳ್ಳಿಗೊಂದು ರೋಗ. ಪಟ್ಟಣದಲ್ಲಿ ಮತದಾರನನ್ನು ಯಾರೂ ಗುರುತಿಸರು. ಹಳ್ಳಿಯಲ್ಲಿ ಅವನನ್ನು ಅತಿಯಾಗಿ ಗುರುತಿಸುತ್ತಾರೆ. ಮೊದಲನೆಯದಕ್ಕೆ ಔಷಧ ನಮ್ಮ ಕೈಯಲ್ಲಿಯೇ ಇದೆ. ತುಮಕೂರು ನಗರದ ನಾಗರಿಕರು ಮನೆ ಬದಲಿಸಿದ ಕೂಡಲೆ ಪಟ್ಟಿಯಲ್ಲಿಯೂ ವಿಳಾಸವನ್ನು ಬದಲಿಸತಕ್ಕದ್ದು; ಮತಗಟ್ಟೆ ಮಟ್ಟದ ಅಧಿಕಾರಿಯಾಗಿ ಬಾಗಿಲು ತಟ್ಟುವ ಅಂಗನವಾಡಿ ಕಾರ್ಯಕರ್ತೆಯನ್ನೋ ಶಾಲೆಯ ಮೇಷ್ಟರನ್ನೋ ಬೇಸರಿಸದೆ ಬರಮಾಡಿಕೊಂಡು ವಿವರ ಕೊಡತಕ್ಕದ್ದು. ಒಂದು ಮತದಿಂದ ಏನಾದೀತೆನ್ನುವವರು 2004ರ ಸಂತೇಮರಹಳ್ಳಿಯನ್ನು ನೆನೆಯಲಿ, ಅಲ್ಲಿ ಆರ್. ಧ್ರುವನಾರಾಯಣರು ಗೆದ್ದದ್ದು ಒಂದೇ ಒಂದು ಮತದಿಂದ. 2023ರಲ್ಲಿ ಬೆಂಗಳೂರಿನ ಜಯನಗರದ ಫಲ ತೀರ್ಮಾನವಾದದ್ದು 16 ಮತಗಳಿಂದ. ಎರಡನೆಯ ರೋಗಕ್ಕೆ ಔಷಧ ಶಾಸನಕರ್ತರ ಕೈಯಲ್ಲಿದೆ. ಮತ ಕೇಳಲು ಬರುವ ಪ್ರತಿಯೊಬ್ಬ ಅಭ್ಯರ್ಥಿಯನ್ನೂ, ನಮ್ಮ ಊರಿನ ಗುಟ್ಟನ್ನು ಕಾಪಾಡುವ ಶಾಸನಕ್ಕೆ ನೀವು ಒಪ್ಪುತ್ತೀರಾ ಎಂದು ಗುಬ್ಬಿ ಕುಣಿಗಲ್ಲುಗಳ ಮಹಾಜನರು ಕೇಳಬೇಕು.

ಸಂಜೆ ಮತದಾನದ ಅವಧಿ ಮುಗಿದಾಗ ಸಾಲಿನಲ್ಲಿ ಇನ್ನೂ ಜನರಿದ್ದರೆ ಅಧಿಕಾರಿಯು ಅವರಿಗೆ ಚೀಟಿಗಳನ್ನು ಹಂಚುತ್ತಾನೆ. ಹಂಚಲು ಆರಂಭಿಸುವುದು ಸಾಲಿನ ಕೊನೆಯವನಿಂದ. ಹೊಸಬರು ಬಂದು ಸೇರದಿರಲೆಂದು ಈ ಏರ್ಪಾಡು. ಆದರೂ ಇದರಲ್ಲಿ ರಾಜ್ಯವಾಳುವವರೆಲ್ಲರೂ ಕಲಿಯತಕ್ಕ ಒಂದು ನೀತಿಯಿದೆ. ಎಲ್ಲರಿಗಿಂತ ಹಿಂದೆ ನಿಂತವನ ಹಕ್ಕು ಮೊದಲು ಭದ್ರವಾಗಲಿ. ಅವನು ನಿರ್ಭಯನಾಗಿ ಮತ ಹಾಕಿ ಮನೆಗೆ ಹೋಗಲಿ. ಆ ದಿನ ಬಂದಾಗ ನಮ್ಮ ಚುನಾವಣೆ ನಿಜವಾಗಿಯೂ ಪ್ರಜೆಗಳದ್ದಾಗುವುದರಲ್ಲಿ ಸಂಶಯವಿಲ್ಲ.